ಮೊಲದ ಕಥೆಗೆ ದನಿಗೂಡಿಸಿ

ತಿವ್ ಜನರ ಕಥೆ ಕೇಳಿದವರಲ್ಲಿ ಬಹಳಷ್ಟು ಮಂದಿ ‘ಮೊಲ ಎಷ್ಟು ಜಾಣ!’ ಎಂದು ಹೇಳಿ ಎದ್ದುಬಿಡುತ್ತಾರೆ. ಇನ್ನು ಕೆಲವರಿಗೆ ಕೊನೆಯಲ್ಲೊಂದು ನೀತಿ ಸಿಗಲೇಬೇಕು. ಈ ಎರಡು ಚಾಳಿಗಳನ್ನೂ ಬಿಡದೆ ನೈಜೀರಿಯಾದ ಬೆನ್ಯೂ ನದಿಯ ಬಯಲಿನ ಈ ಕಥೆಗಳ ರುಚಿ ಹತ್ತುವುದಿಲ್ಲ.

ಮೊದಲು ಹಾಡಿಗೆ ಕಿವಿಗೊಡಿ. ಗ್ಬೋಕೋ ಸೀಮೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಊರಿನ ಅಂಗಳದಲ್ಲಿ ಕೂತಿದ್ದೆ. ಹಿರಿಯರೊಬ್ಬರು ಅಲೋಮ್ ಎಂಬ ಮೊಲ ಆನೆಯನ್ನು ಸತಾಯಿಸಿದ ಕಥೆಯನ್ನು ಬಲು ಹುರುಪಿನಿಂದ ಹೇಳುತ್ತಿದ್ದರು. ನಡುವೆಯೇ ಹಿಂದಿನಿಂದ ಹುಡುಗಿಯೊಬ್ಬಳು ಹಾಡೆತ್ತಿದಳು. ಹಿರಿಯರು ಮಾತು ನಿಲ್ಲಿಸಿದರು. ಅಂಗಳವೆಲ್ಲ ಪಲ್ಲವಿಗೆ ದನಿಗೂಡಿಸಿತು, ಹಿರಿಯರೂ ಸೇರಿದರು. ಹಾಡು ಮುಗಿದ ಮೇಲಷ್ಟೇ ಕಥೆ ಮುಂದೆ ಹೋಯಿತು. ಯಾರೂ ಅವಳನ್ನು ಗದರಲಿಲ್ಲ. ಹೇಳುವವನ ಅಧಿಕಾರ ಕೇಳುವವರ ಒಪ್ಪಿಗೆಯ ಮೇಲೆ ನಿಂತಿದೆ ಎನ್ನುವುದು ನನಗೆ ಆ ರಾತ್ರಿ ಹೊಳೆಯಿತು.

ಆ ಮೇಲೆ ಕೇಳಿದ ಕಥೆಗಳಲ್ಲೆಲ್ಲ ನಾನು ಇದನ್ನೇ ಹುಡುಕಿದೆ. ಪಲ್ಲವಿ ಸೊರಗಿದರೆ ಕಥೆಗಾರ ಸೋತನೆಂದೇ ಲೆಕ್ಕ. ಗತ್ತಿನಿಂದ ಶುರುಮಾಡಿದ ಒಬ್ಬ ಕಥೆಗಾರನಿಗೆ ಯಾರೂ ದನಿ ಕೊಡದೆ, ಅವನು ಅರ್ಧಕ್ಕೇ ಎದ್ದುಹೋದದ್ದನ್ನೂ ಕಂಡಿದ್ದೇನೆ. ನಾನು ನೋಡಿದ ಮಕ್ಕಳ ಪುಸ್ತಕಗಳಲ್ಲಿ ಹಾಡುಗಳನ್ನೆಲ್ಲ ಕತ್ತರಿಸಿ ಬರೀ ಮೊಲದ ಕುಚೋದ್ಯ ಉಳಿಸಿದ್ದಾರೆ. ಅಂಥ ಪುಸ್ತಕ ಓದಿ ತಿವ್ ಕಥೆ ಬಲ್ಲೆ ಎನ್ನುವವರ ಜೊತೆ ನನಗೆ ಮಾತಿಲ್ಲ.

ಕೇಳುಗರ ಈ ಹಕ್ಕಿನ ಬಲ ಅರಿಯಬೇಕಾದರೆ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ 1966ರಲ್ಲಿ ಪ್ರಕಟಿಸಿದ ‘ಶೇಕ್ಸ್‌ಪಿಯರ್ ಇನ್ ದ ಬುಷ್’ ಪ್ರಬಂಧ ಓದಿ. ಆಕೆ ತಿವ್ ಹಿರಿಯರಿಗೆ ಹ್ಯಾಮ್ಲೆಟ್ ಕಥೆ ಹೇಳಲು ಕೂತರು. ಹಿರಿಯರು ಹೆಜ್ಜೆಹೆಜ್ಜೆಗೂ ತಡೆದರು. ಸತ್ತವನು ಎದ್ದು ಓಡಾಡುವುದುಂಟೇ ಎಂದರು. ಅಣ್ಣನ ವಿಧವೆಯನ್ನು ತಮ್ಮ ಮದುವೆಯಾದದ್ದು ಸರಿಯಾಗಿಯೇ ಇದೆ ಎಂದರು. ಕೊನೆಗೆ ಕಥೆಯ ನಿಜವಾದ ಅರ್ಥವನ್ನು ಅವರೇ ಆಕೆಗೆ ವಿವರಿಸಿದರು. ಹಳ್ಳಿಯವರ ಅಜ್ಞಾನ ಎಂದು ನಗುವವರು ಅಲ್ಲಿ ನಡೆದದ್ದನ್ನೇ ಕಾಣಲಿಲ್ಲ. ಶೇಕ್ಸ್‌ಪಿಯರನೇ ಆದರೂ ಆ ಅಂಗಳದಲ್ಲಿ ಜವಾಬು ಹೇಳಲೇಬೇಕು.

ಈ ಸ್ವಭಾವ ಬದುಕಿನಿಂದಲೇ ಬಂದದ್ದು. ತಿವ್ ಜನರಿಗೆ ಹಿಂದೆ ರಾಜನಿರಲಿಲ್ಲ. ವಂಶದ ಹಿರಿಯರು ಕೂತು ಎಲ್ಲರೂ ಒಪ್ಪುವವರೆಗೆ ಮಾತಾಡಿ ವ್ಯಾಜ್ಯ ತೀರಿಸುತ್ತಿದ್ದರು. ಮಿತಿಮೀರಿ ಬೆಳೆದವನನ್ನು ಕಂಡರೆ, ‘ತ್ಸಾವ್’ ಎಂಬ ಗೂಢಶಕ್ತಿಯನ್ನು ಕೆಟ್ಟದ್ದಕ್ಕೆ ಬಳಸುತ್ತಿದ್ದಾನೆಂದು ಊರು ಸಂಶಯಪಡುತ್ತಿತ್ತು. ಇಡೀ ತಿವ್ ಜನಕ್ಕೊಬ್ಬ ‘ತೋರ್ ತಿವ್’ ಎಂಬ ಮುಖ್ಯಸ್ಥನ ಪೀಠ ಬಂದದ್ದು ಬ್ರಿಟಿಷರ ಆಳ್ವಿಕೆಯಲ್ಲಿ, 1940ರ ದಶಕದಲ್ಲಿ. ಇದು ತಿಳಿದ ಮೇಲೆ ಮೊಲದ ಕಡೆ ನೋಡಿ. ಆನೆಗೂ ಚಿರತೆಗೂ ಅದು ಮಣಿಯುವುದಿಲ್ಲ. ಹಾಗೆಂದು ಅದು ನಾಯಕನೂ ಅಲ್ಲ. ದುರಾಸೆಗೆ ಬಿದ್ದಾಗ ಅದೂ ಸಿಕ್ಕಿಬೀಳುತ್ತದೆ. ಜಾಣನನ್ನೂ ಪೀಠಕ್ಕೇರಿಸದ ಕಥೆಗಳಿವು.

1960ರ ದಶಕದಲ್ಲಿ ಇದೇ ಕಥಾಪರಂಪರೆಯಿಂದ ಗೊಂಬೆ, ಮುಖವಾಡಗಳ ಕ್ವಾಘ್-ಹಿರ್ ರಂಗಕಲೆ ರೂಪುಗೊಂಡಿತು. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಗೊಂಬೆಗಳು ಚೆನ್ನ, ನಿಜ. ಆದರೆ ಅವುಗಳ ಬಣ್ಣಕ್ಕೆ ಮರುಳಾಗಿ ಮೊಬೈಲು ಎತ್ತಿ ನಿಲ್ಲುವ ಪ್ರವಾಸಿಗಳಿಗೆ ಹಾಡು ಕೇಳಿಸುವುದೇ ಇಲ್ಲ.

ನಿಮಗೆ ಭಾಷೆ ಬಾರದಿದ್ದರೂ ಪಲ್ಲವಿ ಎರಡನೇ ಸಲಕ್ಕೆ ನಾಲಿಗೆಗೆ ಹತ್ತುತ್ತದೆ. ಫೋನು ಜೇಬಿಗಿಟ್ಟು ದನಿ ಎತ್ತಿ. ಹಾಡದೆ ಕೂತವನು ಆ ಅಂಗಳದಲ್ಲಿ ರಸಿಕನಲ್ಲ.