ಕೊಳಗದ ಮಳೆ, ಕಂತಿನ ಬಾಡು

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮಾರನೆಯ ದಿನ ಬಾಡೂಟದ ಹೊಸತೊಡಕು, ಅದೇ ದಿನ ರಂಜಾನ್. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಂಥ ಊರಿನಲ್ಲಿ ಎರಡೂ ಹಬ್ಬದವರಿಗೆ ಬೇಕಾದದ್ದು ಒಂದೇ ಎಳೆಚಂದ್ರ, ಒಂದೇ ಮಾಂಸದಂಗಡಿ. ಇದನ್ನು ಸೌಹಾರ್ದದ ಚಿತ್ರವಾಗಿ ಬರೆದು ಮುಗಿಸಿಬಿಡಬಹುದಿತ್ತು. ನನ್ನ ಕುತೂಹಲ ಬೇರೆ. ಹೊಸ ವರ್ಷದ ಹೆಸರಿನಲ್ಲಿ ನಾವು ಮಾಡುವ ಇಷ್ಟೊಂದು ಆಚರಣೆಗಳಲ್ಲಿ ಮನೆ ತೂಗಿಸುವವರ ಕೈಗೆ ನಿಜಕ್ಕೂ ಒದಗುವುದು ಯಾವುದು?

ಮೊದಲ ಮರ್ಯಾದೆ ಪಂಚಾಂಗಕ್ಕೆ. ಬೇವು ಬೆಲ್ಲ ತಿಂದು ಜಗಲಿಯಲ್ಲಿ ಕೂತವರು ಕಿವಿ ನಿಮಿರಿಸುವುದು ಎರಡೇ ಕಡೆ: ಆಯ ವ್ಯಯ ಮತ್ತು ಮಳೆ. ಆಯ ವ್ಯಯದ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಸಾಮಾನ್ಯವಾಗಿ ಅಲ್ಲಿ ಬರುವುದು 2, 5, 8, 11, 14 ಎಂಬ ಐದೇ ಅಂಕಿಗಳು. ರಾಶ್ಯಧಿಪತಿಯನ್ನು ಹಿಡಿದು ಹಾಕುವ ಲೆಕ್ಕವಾದ್ದರಿಂದ ಮೇಷ, ವೃಶ್ಚಿಕಗಳೆರಡಕ್ಕೂ ಒಂದೇ ಫಲ, ಎರಡಕ್ಕೂ ಕುಜನೇ ಒಡೆಯ. ಗಂಡನದು ಆಯ 2 ವ್ಯಯ 14, ಹೆಂಡತಿಯದು ಆಯ 14 ವ್ಯಯ 2 ಎಂದು ಬಂದರೆ ಆ ಮನೆಯ ಗತಿ ಏನು ಎಂದು ಯಾವ ಪಂಚಾಂಗವೂ ಹೇಳದು. ಒಬ್ಬೊಬ್ಬರಿಗೂ ಬೇರೆ ಖಾತೆ ತೆರೆಯುವ ಈ ಲೆಕ್ಕಕ್ಕೆ ಮನೆ ಎಂಬ ಒಟ್ಟು ಲೆಕ್ಕ ಗೊತ್ತೇ ಇಲ್ಲ. ಕೇಳುವವರಿಗೂ ಇದು ತಿಳಿಯದ್ದೇನಲ್ಲ. ಒಂದಿಷ್ಟು ನಗು, ಒಂದಿಷ್ಟು ಅಳುಕು, ಆಮೇಲೆ ಒಬ್ಬಟ್ಟು.

ಮಳೆಯ ಮಾತು ಅಷ್ಟು ಹಗುರವಲ್ಲ. ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ನೆಲಕ್ಕೆ ಇಷ್ಟು ಎಂದು ಓದುವಾಗ ಎಲ್ಲರ ಗಮನ ನೆಲದ ಪಾಲಿನ ಮೇಲೆ. ಆದರೆ ಮಳವಳ್ಳಿ ತಾಲ್ಲೂಕಿನ ಗದ್ದೆಯವರು ಕೇಳಬೇಕಾದದ್ದು ಬೆಟ್ಟದ ಪಾಲನ್ನು. ಕೊಡಗಿನಲ್ಲಿ ಹುಯ್ದರೆ ಕನ್ನಂಬಾಡಿ ತುಂಬುತ್ತದೆ, 124.80 ಅಡಿಯ ಕಟ್ಟೆ ತುಂಬಿದರೆ ವಿಶ್ವೇಶ್ವರಯ್ಯ ನಾಲೆಗೆ ನೀರು, ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿ ಕಡೆಗೆ ಅದು ತಲುಪಿದರೆ ನಾಟಿ. 2023ರಲ್ಲಿ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಳಚಿತು. ಕಟ್ಟೆ ತುಂಬಲಿಲ್ಲ. ಇದ್ದ ನೀರು ತಮಿಳುನಾಡಿಗೆ ಹರಿಯಿತೆಂದು ಸೆಪ್ಟೆಂಬರಿನಲ್ಲಿ ಮಂಡ್ಯ ಬೀದಿಗಿಳಿಯಿತು.

ಹೀಗಾಗಿ ಯುಗಾದಿಗೆ ವರ್ಷದ ಮೊದಲ ಉಳುಮೆಯೆಂದು ಹೊನ್ನಾರು ಹೂಡುವುದು ಕಣ್ಣಿಗೆ ಚೆಂದ, ತೀರ್ಮಾನವಾಗಿ ಪೊಳ್ಳು. ಕೊಂಬಿಗೆ ಬಣ್ಣ ಬಳಿದ ಎತ್ತುಗಳು, ಪಂಚಾಂಗ ನೋಡಿ ಯಾರ ಹೆಸರಿಗೆ ಬಂತೋ ಅವರದೇ ಮೊದಲ ಸಾಲು. ಆದರೆ ಏನು ಬಿತ್ತಬೇಕು, ಎಷ್ಟು ಎಕರೆಗೆ ಸಾಲ ತರಬೇಕು ಎಂಬುದು ಗೊತ್ತಾಗುವುದು ಆಷಾಢ ಕಳೆಯುವ ಹೊತ್ತಿಗೆ. ಆಸೆಯ ಕ್ಯಾಲೆಂಡರೇ ಬೇರೆ, ನಾಲೆಯ ಕ್ಯಾಲೆಂಡರೇ ಬೇರೆ.

ಇದಕ್ಕೆ ಹೊರತಾದ ಉದಾಹರಣೆ ಕಿರುಗಾವಲಿನಲ್ಲೇ ಇದೆ. ಟಿಪ್ಪು ಕಾಲದ್ದೆಂದು ಹೇಳುವ ಬಡಾಬಾಗ್ ಮಾವಿನ ತೋಪಿನ ಸೈಯದ್ ಘನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಬೀಜವನ್ನು ಡಬ್ಬಿಯಲ್ಲಿಟ್ಟು ಪೂಜೆ ಮಾಡಿದರೆ ಉಳಿಯುವುದಿಲ್ಲ; ತುಂಡು ತುಂಡು ಮಡಿಗಳಲ್ಲಿ ಮತ್ತೆ ಮತ್ತೆ ಬಿತ್ತಿ, ಕೊಯ್ದು, ಬೆರಕೆಯಾಗದಂತೆ ಎತ್ತಿಡಬೇಕು. ನೀರು ಬರಲಿ ಬಿಡಲಿ, ಈ ಕೆಲಸ ಮಾಡಲೇಬೇಕು. ಹೊಸ ವರ್ಷದ ಭರವಸೆ ಎಂದರೆ ಇದು ಎನ್ನುವ ಆಸೆ ನನಗೂ ಆಗುತ್ತದೆ. ಆದರೆ ಒಂದೆಕರೆ ಗದ್ದೆಯ ಸಂಸಾರಕ್ಕೆ ಇದನ್ನು ಮಾದರಿ ಎಂದು ಒಪ್ಪಿಸುವುದು ಅನ್ಯಾಯ. ರಾಜಮುಡಿಯಂಥ ನಾಟಿ ಅಕ್ಕಿಯ ರುಚಿ ಗೊತ್ತಿದ್ದೂ ಅವರು ಹೆಚ್ಚು ಇಳುವರಿಯ ಬೀಜದ ಚೀಲ ತರುವುದು ಅಜ್ಞಾನದಿಂದಲ್ಲ, ಭಯದಿಂದ.

ಹೊಸತೊಡಕಿನ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿದೆ. ಹಾಗೆ ನಂಬಿಯೂ ಅರಳಿಕಟ್ಟೆಯಲ್ಲಿ ಇಸ್ಪೀಟು ಹಾಸುವ ಗಂಡಸರ ಬಗ್ಗೆ ಏನು ಹೇಳುವುದು!

ನನ್ನ ಮಟ್ಟಿಗೆ ಯುಗಾದಿಯ ಅತ್ಯಂತ ಗಟ್ಟಿ ಆಚರಣೆ ಯಾವ ಶಾಸ್ತ್ರದಲ್ಲೂ ಇಲ್ಲ. ಅದು ಯುಗಾದಿ ಚೀಟಿ. ಮಂಡ್ಯದಿಂದ ಬೆಂಗಳೂರಿನವರೆಗೆ ಬೀದಿಗೊಂದರಂತೆ ನಡೆಯುತ್ತದೆ. ನೆಂಟರು, ನೆರೆಯವರು, ಗೆಳೆಯರು ಸೇರಿ ವಾರ ವಾರ ಇಷ್ಟೆಂದು ಕಟ್ಟುತ್ತಾರೆ. ಹಬ್ಬಕ್ಕೆ ಬೆಲ್ಲ, ಬೇಳೆ, ಎಣ್ಣೆ, ಮಾರನೆಯ ದಿನಕ್ಕೆ ಮಾಂಸ. ಕೆಲವು ಕಡೆ ಗುಂಪೇ ಕುರಿ ಕೊಂಡು, ಕೊಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚುತ್ತದೆ. ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕೇ. ಒಳ್ಳೆಯ ಬಂಡೂರು ಟಗರಿನ ಬೆಲೆ ಲಕ್ಷ ದಾಟಿ ಸುದ್ದಿಯಾಗುವುದೂ ಉಂಟು. ಅಂಥದ್ದು ಗುಡ್ಡೆಗೆ ಬರುವ ಮಾತಿಲ್ಲ, ಸಾಕಿದವರ ಬಾಯಿಗೇ ಅದು ಬೀಳುವುದು ಅಪರೂಪ.

ಈ ಚೀಟಿಯಲ್ಲಿ ಆಸೆಗೂ ಕಂತು ಇದೆ. ವಾರಕ್ಕೆ ನೂರು ರೂಪಾಯಿಯಂತೆ ಐವತ್ತು ವಾರ ಕಟ್ಟಿದವಳಿಗೆ ತನ್ನ ವ್ಯಯ ಎಷ್ಟೆಂದು ಯಾರೂ ಓದಿ ಹೇಳಬೇಕಿಲ್ಲ: ಐದು ಸಾವಿರ. ಈ ವಾರ ಕಂತು ಕಟ್ಟಲೋ, ಮಗಳಿಗೆ ಚಪ್ಪಲಿ ತರಲೋ ಎಂದು ಪ್ರತಿ ವಾರ ತೀರ್ಮಾನಿಸಿದವಳು ಅವಳೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಯಜಮಾನಿಯ ಹೆಸರಿಗೇ ತಿಂಗಳಿಗೆ 2,000 ರೂಪಾಯಿ ಎಂದಾದ ಮೇಲೆ ಈ ತೀರ್ಮಾನಕ್ಕೆ ಗಂಡನ ಜೇಬು ತಡಕುವ ಅಗತ್ಯವೂ ಅಷ್ಟು ಉಳಿದಿಲ್ಲ. ಆ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಕಂತಿಗೆ ಮಾತ್ರ ತಡವಿಲ್ಲ.

ಹೊಗಳಿದೆನೆಂದು ಹುಳುಕು ಮುಚ್ಚಿಡಲಾರೆ. ಚೀಟಿಗೆ ನೋಂದಣಿ ಇಲ್ಲ, ರಸೀದಿ ಇಲ್ಲ, ಮುಖ ನೋಡಿ ಕೊಟ್ಟ ದುಡ್ಡು. ಹಬ್ಬ ಹತ್ತಿರವಾದಾಗ ಚೀಟಿ ನಡೆಸುವವರು ಮನೆಗೆ ಬೀಗ ಹಾಕಿ ಹೋದ ಸುದ್ದಿಗಳು ಅಪರೂಪವಲ್ಲ. ಕಂಪನಿ ಮುಳುಗಿದರೆ ಹೋಗುವುದು ದುಡ್ಡು. ಚೀಟಿ ಮುಳುಗಿದರೆ ನೆಂಟಸ್ತಿಕೆಯೂ ಹೋಗುತ್ತದೆ, ಆ ದಾಕ್ಷಿಣ್ಯದಿಂದಲೇ ಎಷ್ಟೋ ಜನ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಐವತ್ತು ವಾರದ ಶಿಸ್ತೆಲ್ಲ ಎರಡು ದಿನದ ಊಟಕ್ಕೆ ಮುಗಿದು, ಎರಡೇ ತಿಂಗಳಿಗೆ, ಶಾಲೆ ಶುರುವಾಗುವ ಜೂನ್‌ನಲ್ಲಿ, ಅದೇ ಹೆಂಗಸು ಸ್ವಸಹಾಯ ಸಂಘಕ್ಕೋ ಫೈನಾನ್ಸ್‌ನವರಿಗೋ ಕೈಯೊಡ್ಡುತ್ತಾಳೆ. ಬಾಡೂಟ ಬಿಡಿ ಎಂದು ಮಂಡ್ಯದವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ, ಬಿಡಬೇಕೆಂದೂ ಅನಿಸಿಲ್ಲ. ಚೀಟಿಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಜೂನ್‌ಗೆಂದು ಇನ್ನೊಂದು ಕಾಲಂ ಗೆರೆ ಎಳೆದು, ವಾರಕ್ಕೆ ಇಪ್ಪತ್ತು ರೂಪಾಯಿ ಅಲ್ಲಿ ಬರೆದರೆ ನೋಟ್‌ಬುಕ್ಕಿಗಾದರೂ ಒಂದು ಸಾವಿರ ಕೂಡುತ್ತದೆ. ಗುಡ್ಡೆಯಲ್ಲಿ ಕಡಿಮೆಯಾಗುವುದು ಒಂದೆರಡು ಕೆಜಿ.