ನಿಧಾನದ ಮುಳ್ಳು

"ಊದಿ ನೋಡಿ ಸಾರ್" ಎಂದರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು. ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟ, ಕಾರಿನ ಟರ್ಬೊ ಇಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರಿನ ಬೆನ್ನಿಗೆ ಗೇಣುದ್ದದ ರಬ್ಬರ್ ಪೈಪು ಸಿಕ್ಕಿಸಿದ್ದರು. ಊದಿದೆ. ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ಮೇಲೆದ್ದಿತು. ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಬರುವಷ್ಟು ಊದಿದರೂ ಒಂದು ಪಿಎಸ್‌ಐ, ಬಹಳವೆಂದರೆ ಒಂದೂವರೆ. ಮನುಷ್ಯನ ಪುಪ್ಪುಸದ ಬೂಸ್ಟ್ ಅಷ್ಟೇ. "ಈಗ ಎಳ್ಕೊಳ್ಳಿ" ಎಂದರು. ಎಳನೀರು ಹೀರುವ ಹಾಗೆ ಎಳೆದೆ. ಮುಳ್ಳು ಸೊನ್ನೆಯ ಆಚೆ ಬದಿಗೆ ಸಲೀಸಾಗಿ ಜಾರಿತು. ಬಾಯಿ ಬಿಟ್ಟೆ. ಹೊರಟಲ್ಲಿಗೇ ಬಂದು ಅಲುಗದೆ ನಿಂತಿತು.

"ವಾಪಸ್ ಬಂದು ಹೆಂಗೆ ನಿಂತ್ಕೊಳ್ತು, ಅದು ನೋಡಿ. ಹೋಗೋದೇನು ಬಿಡಿ, ಎಲ್ಲಾವೂ ಹೋಗ್ತವೆ."

ನಾನು ಅಲ್ಲಿಗೆ ಹೋಗಿದ್ದು ಬಣ್ಣ ನೋಡಲು. ರಾತ್ರಿ ಯಾವುದು ನೀಲಿಯಾಗಿ ಹೊಳೆಯುತ್ತದೆ, ಯಾವುದರ ಅಂಚು ಕ್ರೋಮ್, ಯಾವುದಕ್ಕೆ ಕೆಂಪು ಮುಳ್ಳು ಎಂದೆಲ್ಲ ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಅವರ ಆ ಒಂದು ಮಾತಿನ ನಂತರ ಪಟ್ಟಿ ಮರೆತೇ ಹೋಯಿತು. ಬಳೆ ಅಂಗಡಿಯಂತೆ ಸಾಲಾಗಿ ಜೋಡಿಸಿದ್ದ ಮೀಟರುಗಳನ್ನು ಒಂದೊಂದಾಗಿ ಊದುತ್ತ, ಎಳೆಯುತ್ತ ಕೂತೆ. ಒಂದರ ಮುಳ್ಳು ಬಂದು ಸೊನ್ನೆಗಿಂತ ಅರ್ಧ ಗೆರೆ ಮೇಲೆಯೇ ಉಳಿಯಿತು. ಇನ್ನೊಂದರದು ಸೊನ್ನೆ ಮುಟ್ಟಿದ ಮೇಲೂ ನಡುಗುತ್ತಿತ್ತು. ಮತ್ತೊಂದು ಎಷ್ಟು ಸೋಮಾರಿಯೆಂದರೆ ನಾನು ಊದಿ ಮುಗಿಸಿದ ಮೇಲೆ ಅದು ಎದ್ದಿತು. ಚೆಂದ ಇರುವುದು ಮುಳ್ಳಿನ ನಡೆಯಲ್ಲಿ ಎಂದು ಗೊತ್ತಾದದ್ದು ಆ ದಿನ.

ಆ ನಡೆಯ ಗುಟ್ಟು ಬಹಳ ಹಳೆಯದು. 1849ರಲ್ಲಿ ಪ್ಯಾರಿಸ್ಸಿನ ಯೂಜೀನ್ ಬೂರ್ಡೋನ್ ಎಂಬ ಎಂಜಿನಿಯರ್ ಪೇಟೆಂಟ್ ಪಡೆದ ಒಂದು ಕೊಳವೆ ಅದು. ಚಪ್ಪಟೆಯಾಗಿ ತಟ್ಟಿ ಕುಡುಗೋಲಿನಂತೆ ಬಗ್ಗಿಸಿದ ಹಿತ್ತಾಳೆಯ ಕೊಳವೆ. ಒಳಗೆ ಒತ್ತಡ ಏರಿದರೆ ನೆಟ್ಟಗಾಗಲು ನೋಡುತ್ತದೆ, ಇಳಿದರೆ ಮತ್ತೆ ಬಾಗುತ್ತದೆ. ಜಾತ್ರೆಯಲ್ಲಿ ಸಿಗುವ, ಊದಿದರೆ ಸುರುಳಿ ಬಿಚ್ಚಿಕೊಂಡು ಎದುರಿನವರ ಮೂಗಿಗೆ ತಾಗುವ ಕಾಗದದ ಪೀಪಿಯ ತತ್ವವೂ ಇದೇ. ಕೊಳವೆಯ ತುದಿ ಸರಿಯುವುದು ಕಾಳಿನಷ್ಟು ದೂರ. ಅದನ್ನು ಪುಟ್ಟದೊಂದು ಹಲ್ಲಿನ ಚಕ್ರ ಹಿಡಿದು, ಹಿಗ್ಗಿಸಿ, ಮುಳ್ಳಿಗೆ ಮುಟ್ಟಿಸುತ್ತದೆ. ಹಲ್ಲುಗಳ ನಡುವಿನ ಸಡಿಲು ಕಾಣದಂತೆ ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಒಂದು ಸದಾ ಎಳೆದುಕೊಂಡಿರುತ್ತದೆ. ನನ್ನ ಬಾಯಿಗೆ ಬಂದ ನಡುಕವೂ ಸೋಮಾರಿತನವೂ ಇವುಗಳ ಕೆಲಸದ ಕೊರತೆಯೇ. ಉಗಿ ಯಂತ್ರಗಳ ಕಾಲದ ಈ ಕೊಳವೆ ಇಂದಿಗೂ 52 ಮಿಲಿಮೀಟರಿನ ಬೂಸ್ಟ್ ಮೀಟರಿನೊಳಗೆ ಬಾಗುತ್ತ, ನೆಟ್ಟಗಾಗುತ್ತ ಕೂತಿದೆ.

ಕೊಳವೆಯೇ ಇಲ್ಲದ ಮೀಟರುಗಳೂ ಇವೆ. ಇಂಜಿನ್ ಹತ್ತಿರ ಒಂದು ಸೆನ್ಸರ್, ಡಯಲ್ ಹಿಂದೆ ಸ್ಟೆಪ್ಪರ್ ಮೋಟರ್, ನಡುವೆ ವೈರು. ಕೀಲಿ ತಿರುಗಿಸಿದ ಕೂಡಲೇ ಮುಳ್ಳುಗಳೆಲ್ಲ ಒಮ್ಮೆ ಕೊನೆಯವರೆಗೆ ಓಡಿ ಹಿಂತಿರುಗಿ ಸಲಾಮು ಹೊಡೆಯುವುದು ಈ ಜಾತಿ. ಜಪಾನಿನ ನಾಗಾವೋಕಾದ ನಿಪ್ಪಾನ್ ಸೇಕಿ ಕಂಪನಿಯ ಡೆಫಿ ಮೀಟರುಗಳು ಇದಕ್ಕೇ ಹೆಸರಾದವು. ಬೂಸ್ಟ್ ಅಳೆಯಲು ಎರಡರಲ್ಲಿ ಯಾವುದಾದರೂ ಸರಿ, ಪೈಪಿನಲ್ಲಿ ಬರುವುದು ಬರೀ ಗಾಳಿ. ಆಯಿಲ್ ಪ್ರೆಷರಿಗೆ ಮಾತ್ರ ನಾನು ವೈರಿನದನ್ನೇ ಆರಿಸಿದೆ. ಹಳೆಯ ಬಗೆಯ ಮೀಟರಾದರೆ ಇಂಜಿನ್ನಿನ ಆಯಿಲ್ಲೇ ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡಿನ ತನಕ ಬರುತ್ತದೆ. ಆ ಕೊಳವೆ ಒಡೆದ ದಿನ ನೂರು ಡಿಗ್ರಿಯ ಆಯಿಲ್ ಮೊಣಕಾಲ ಮೇಲೆ.

ಇನ್ನು ಮುಖ. ಓದುವ ಸುಖಕ್ಕೆ ನನ್ನ ಅಳತೆಗೋಲು ಅಪ್ಪನ ಎಚ್‌ಎಂಟಿ ಪೈಲಟ್ ವಾಚು. ಕಪ್ಪು ಮುಖ, ಬಿಳಿ ಅಂಕಿ, ಬೇರೆ ಮಾತಿಲ್ಲ. ಒಳ್ಳೆಯ ಮೀಟರ್ ಕೂಡ ಹಾಗೆಯೇ. ದೊಡ್ಡ ಗೆರೆ ಯಾವುದು, ಸಣ್ಣ ಗೆರೆ ಯಾವುದು ಎಂದು ಕಣ್ಣು ಹುಡುಕಬಾರದು. ಡಯಲಿನ ಕೊನೆಯ ಅಂಕಿಯಲ್ಲೂ ವಿವೇಕ ಬೇಕು. ನನ್ನ ಕಾರು ಹಳೆಯ ಆಕ್ಟೇವಿಯಾ ಆರ್‌ಎಸ್, 1.8 ಲೀಟರಿನ ಟರ್ಬೊ, ಒಂದು ಸಿಲಿಂಡರಿಗೆ ಐದು ವಾಲ್ವು, 150 ಕುದುರೆ. ಅದರ ಬೂಸ್ಟ್ ಅರ್ಧ ಬಾರ್ ಆಸುಪಾಸು. ಇದಕ್ಕೆ ಮೂರು ಬಾರ್‌ವರೆಗೆ ಬರೆದ ಡಯಲ್ ಹಾಕಿದರೆ ಮುಳ್ಳು ಜೀವಮಾನವಿಡೀ ಮೂಲೆಯಲ್ಲೇ ಕುಂಟುತ್ತಿರುತ್ತದೆ. ರೇಸಿನವರದು ಇನ್ನೂ ಸೊಗಸಾದ ಉಪಾಯ. ಇಂಜಿನ್ ಸರಿಯಾಗಿ ನಡೆಯುತ್ತಿರುವಾಗ ಎಲ್ಲ ಮುಳ್ಳುಗಳೂ ಹನ್ನೆರಡು ಗಂಟೆಗೆ ನಿಲ್ಲುವಂತೆ ಮೀಟರುಗಳನ್ನೇ ತಿರುಗಿಸಿ ಕೂರಿಸುತ್ತಾರೆ. ಅಂಕಿ ತಲೆಕೆಳಗಾದರೂ ಚಿಂತೆಯಿಲ್ಲ. ಸಾಲಿನಲ್ಲಿ ಒಂದು ಮುಳ್ಳು ಓರೆಯಾದರೆ ಪ್ರಾರ್ಥನೆಯಲ್ಲಿ ಕಣ್ಣುಬಿಟ್ಟ ಹುಡುಗನಂತೆ ಅದೊಂದೇ ಕಾಣುತ್ತದೆ.

ಅಂಕಿಯೇ ಬೇಡ ಎಂದವರೂ ಉಂಟು. ಸ್ವೀಡನ್ನಿನ ಸಾಬ್ 900 ಟರ್ಬೊದ ಬೂಸ್ಟ್ ಮೀಟರಿನಲ್ಲಿ ಬಣ್ಣದ ಪಟ್ಟಿಗಳು ಮಾತ್ರ ಇದ್ದವು. ಅದಕ್ಕಿಂತ ಮೊದಲು, 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಗಡಿಯಾರದ ಪಕ್ಕ ಬೂಸ್ಟ್ ಮೀಟರನ್ನು ಕೂರಿಸಿದ್ದರು. 1999ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಹೊತ್ತಿಗೆ ಆ ಜಾಗಕ್ಕೆ 5.8 ಇಂಚಿನ ಪರದೆ ಬಂದು ಬೂಸ್ಟು, ಉಷ್ಣತೆ ಎಲ್ಲವನ್ನೂ ತೋರಿಸತೊಡಗಿತು. ನನಗೆ ಪರದೆಗಿಂತ ಮುಳ್ಳೇ ಇಷ್ಟ. ಅಂಕಿ ಈಗ ಎಷ್ಟು ಎನ್ನುತ್ತದೆ. ಮುಳ್ಳು ಎಲ್ಲಿಂದ ಬಂದೆ, ಎಷ್ಟು ಅವಸರದಲ್ಲಿದ್ದೇನೆ ಎಂಬುದನ್ನೂ ಹೇಳುತ್ತದೆ.

ಬೂಸ್ಟ್ ಮೀಟರನ್ನು ಜನ ಕೊಳ್ಳುವುದು ಸೊನ್ನೆಯ ಮೇಲಿನ ಅರ್ಧಕ್ಕಾಗಿ. ಆಕ್ಸಿಲರೇಟರ್ ಒತ್ತಿದ ಮರುಗಳಿಗೆ ಟರ್ಬೊ ಉಸಿರು ಕಟ್ಟಿ ತಳ್ಳುವಾಗ ಮುಳ್ಳು ನೆಗೆಯುವುದನ್ನು ನೋಡುವ ಖುಷಿ ಖುಷಿಯೇ, ಸುಳ್ಳು ಹೇಳಲಾರೆ. ಆದರೆ ಹೆಚ್ಚು ಕಥೆ ಇರುವುದು ಸೊನ್ನೆಯ ಕೆಳಗೆ, ವ್ಯಾಕ್ಯೂಮ್ ಕಡೆಗೆ. ಪೆಟ್ರೋಲ್ ಇಂಜಿನ್ ಐಡಲಿನಲ್ಲಿರುವಾಗ ಥ್ರಾಟಲ್ ಬಹುಪಾಲು ಮುಚ್ಚಿದ್ದು, ಪಿಸ್ಟನ್ನುಗಳು ಗಾಳಿಗಾಗಿ ಎಳೆಯುತ್ತಿರುತ್ತವೆ. ಮುಳ್ಳು ಪಾದರಸದ ಲೆಕ್ಕದಲ್ಲಿ ಇಷ್ಟು ಇಂಚು ಎಂದು ತೋರಿಸುತ್ತದೆ. ಮಾಮೂಲಿ ಡೀಸೆಲ್ಲಿಗೆ ಹೀಗೆ ಗಾಳಿಯ ದಾರಿ ಮುಚ್ಚಿ ವೇಗ ತಗ್ಗಿಸುವ ಪದ್ಧತಿಯಿಲ್ಲ, ಆದ್ದರಿಂದ ಅದಕ್ಕೆ ಈ ಕೆಳಗಿನ ಅರ್ಧ ದಂಡ.

ಬೆಂಗಳೂರಿನಲ್ಲಿ ನನ್ನ ಮುಳ್ಳು ಐಡಲಿಗೆ 17ರ ಹತ್ತಿರ ನಿಲ್ಲುತ್ತಿತ್ತು. ಎಲ್ಲ ಪುಸ್ತಕಗಳೂ 18ರಿಂದ 20 ಇರಬೇಕು ಎನ್ನುತ್ತವೆ. ಎಲ್ಲೋ ಗಾಳಿ ಸೋರುತ್ತಿದೆ ಎಂದು ಪೈಪುಗಳನ್ನೆಲ್ಲ ತಡಕಾಡಿಸಿದೆ. ಏನೂ ಸಿಗಲಿಲ್ಲ. ಒಂದು ಸಲ ಮಂಗಳೂರಿಗೆ ಹೋದೆ. ಸಕಲೇಶಪುರದವರೆಗೆ ಮುಳ್ಳು ಹಾಗೆಯೇ ಇತ್ತು. ಶಿರಾಡಿ ಘಾಟಿ ಇಳಿದು, ಬೆವರು ಶುರುವಾಗಿ, ಪಣಂಬೂರಿನ ಕಡಲಿನ ಎದುರು ಗಾಡಿ ನಿಲ್ಲಿಸಿ ನೋಡಿದರೆ 20! ಇಂಜಿನ್ ಅದೇ, ಪೈಪು ಅದೇ. ಬದಲಾದದ್ದು ಹೊರಗಿನ ಗಾಳಿ. ಮೀಟರ್ ಅಳೆಯುವುದು ಹೊರಗಿನ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ಅಂತರವನ್ನು. ಸಾವಿರ ಅಡಿ ಮೇಲೇರಿದರೆ ಹೊರಗಿನ ಗಾಳಿ ಪಾದರಸದ ಸುಮಾರು ಒಂದು ಇಂಚಿನಷ್ಟು ಹಗುರಾಗುತ್ತದೆ. ಬೆಂಗಳೂರು ಮೂರು ಸಾವಿರ ಅಡಿಯ ಮೇಲಿದೆ. ನನ್ನ ಮೂರು ಇಂಚು ಸೋರಿರಲಿಲ್ಲ. ಘಾಟಿಯ ಎತ್ತರವೇ ಆ ಮೂರು ಇಂಚು.

ನಾನು ಹಾಕಿಸಿದ ಮೂರು ಮೀಟರುಗಳಲ್ಲಿ ಬೂಸ್ಟ್ ಮೊದಲನೆಯದು, ಎರಡನೆಯದು ಆಯಿಲ್ ಪ್ರೆಷರ್. ಕಂಪನಿ ಕೊಟ್ಟ ಕೆಂಪು ದೀಪ ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲೆ, ಹೆಣ ಎತ್ತುವ ಹೊತ್ತಿಗೆ ಬರುವ ನೆಂಟನ ಹಾಗೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು ಆಯಿಲ್ಲಿನ ತೆಳು ಪದರದ ಮೇಲೆ ತೇಲುತ್ತ. ಆ ಪದರ ಕ್ಷಣಕಾಲ ಹರಿದರೂ ಟರ್ಬೊ ಉಳಿಯುವುದಿಲ್ಲ.

ಮೂರನೆಯದು ಆಯಿಲ್ಲಿನ ಬಿಸಿ. ಮೂರರಲ್ಲಿ ಯಾರೂ ತಿರುಗಿ ನೋಡದ, ನಾನು ಅತಿ ಹೆಚ್ಚು ಪ್ರೀತಿಸುವ ಮುಳ್ಳು. ಕಾರಿನ ಜೊತೆಗೇ ಬರುವ ನೀರಿನ ಮುಳ್ಳು ಸೌಜನ್ಯವಂತ. ಬಹಳಷ್ಟು ಕಾರುಗಳಲ್ಲಿ ನೀರು 75 ಡಿಗ್ರಿಯಿರಲಿ, 105 ಇರಲಿ, ಅದು ನಟ್ಟನಡುವೆ ನಿಂತು ಎಲ್ಲ ಚೆನ್ನಾಗಿದೆ ಎನ್ನುತ್ತಿರುತ್ತದೆ. ಮಾಲೀಕರು ಗಾಬರಿಯಾಗಬಾರದೆಂದು ಕಂಪನಿಯವರೇ ಹಾಗೆ ಹೊಂದಿಸಿರುತ್ತಾರೆ. ಆಯಿಲ್ ಮುಳ್ಳಿಗೆ ಈ ದಾಕ್ಷಿಣ್ಯವಿಲ್ಲ. ಬೆಳಗ್ಗೆ ಬಸವನಗುಡಿಯಲ್ಲಿ ಹೊರಟರೆ ನೀರಿನ ಮುಳ್ಳು ಮೈಸೂರು ರಸ್ತೆ ಸೇರುವಷ್ಟರಲ್ಲಿ ನಡುವೆ ಬಂದು ಕೂತಿರುತ್ತದೆ. ಆಯಿಲ್ ಮುಳ್ಳು 80 ಮುಟ್ಟುವುದು ಕೆಂಗೇರಿ ದಾಟಿದ ಮೇಲೆ. ಅಲ್ಲಿಯವರೆಗೆ ಬೂಸ್ಟ್ ಮುಳ್ಳನ್ನು ಕುಣಿಸುವಂತಿಲ್ಲ.

ಈ ಎರಡು ಆಯಿಲ್ ಮುಳ್ಳುಗಳನ್ನು ಅಕ್ಕಪಕ್ಕ ಕೂರಿಸಬೇಕು. ತಣ್ಣಗಿನ ಆಯಿಲ್ ಚಳಿಗಾಲದ ಜೋನಿಬೆಲ್ಲ. ಪಂಪು ತಳ್ಳಲು ಹೆಣಗುತ್ತದೆ, ಪ್ರೆಷರ್ ನಾಲ್ಕು ಬಾರ್ ಮೀರಿ ನಿಲ್ಲುತ್ತದೆ. ಕಾದ ಹಾಗೆ ತೆಳ್ಳಗಾಗಿ, ಒಂದು ಮುಳ್ಳು ಏರಿದಷ್ಟು ಇನ್ನೊಂದು ಇಳಿಯುತ್ತದೆ. ನೂರು ಡಿಗ್ರಿಯಲ್ಲಿ, ಐಡಲಿಗೆ, ಒಂದೂವರೆ ಬಾರ್ ಕಂಡರೆ ನನಗೆ ನೆಮ್ಮದಿ. ಪ್ರೆಷರ್ ಒಂದನ್ನೇ ನೋಡಿದರೆ ಬೆಳಗಿನ ನಾಲ್ಕು ಬಾರ್ ಆರೋಗ್ಯದಂತೆಯೂ ಸಂಜೆಯ ಒಂದೂವರೆ ಕಾಯಿಲೆಯಂತೆಯೂ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ತಕ್ಕಡಿ.

ನಾಲ್ಕನೆಯದನ್ನು ಹಾಕಿಸುವ ಆಸೆ ಇರುವವರಿಗೆ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇದೆ, ಇಂಜಿನ್ ಟ್ಯೂನ್ ಮಾಡಿಸಿದವರಿಗೆ ಅದು ಬೇಕೇ ಬೇಕು. ಕೊಳ್ಳುವುದಾದರೆ ಲ್ಯಾಂಬ್ಡಾ, ಅಂದರೆ ಇರುವ ಪ್ರಮಾಣವನ್ನು ಇರಬೇಕಾದ ಪ್ರಮಾಣಕ್ಕೆ ಹೋಲಿಸಿ, ತೋರಿಸುವುದನ್ನು ಕೊಳ್ಳಿ. ಹಳೆಯ ಪಾಠದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಈಗ ಬಂಕಿನಲ್ಲಿ ಹಾಕುವ ಇ20ಗೆ ಸುಮಾರು 13.5 ಸಾಕು. ಲ್ಯಾಂಬ್ಡಾ ಮಾತ್ರ ಎರಡಕ್ಕೂ ಒಂದೇ.

ನನ್ನ ಕಾರಿನಲ್ಲಿ ಮೂರೇ ಇವೆ. ಹೋದ ಮಳೆಗಾಲ ಮುಗಿದ ಮೇಲೆ ಗುಂಡ್ಯದಿಂದ ಘಾಟಿ ಹತ್ತಿದೆ. ಲಾರಿಗಳ ಹಿಂದೆ ತೆವಳುತ್ತ, ದಾರಿ ಸಿಕ್ಕಾಗ ಮುನ್ನುಗ್ಗುತ್ತ, ಬೂಸ್ಟ್ ಮುಳ್ಳು ಎದ್ದು ಬಿದ್ದು ಕುಣಿಯಿತು. ಅದರ ಪಕ್ಕದಲ್ಲಿ ಆಯಿಲ್ ಮುಳ್ಳು ಯಾರಿಗೂ ಗೊತ್ತಾಗದ ಹಾಗೆ 95, 103, 112 ಎಂದು ಮೆಟ್ಟಿಲು ಹತ್ತುತ್ತಿತ್ತು. ದೋಣಿಗಲ್ ದಾಟಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಇಂಜಿನ್ ಆರಿಸಲಿಲ್ಲ. ಬಿಸಿಗೆ ಕಾದ ಟರ್ಬೊದೊಳಗೆ ಆಯಿಲ್ ಹರಿವು ತಟ್ಟನೆ ನಿಂತರೆ ಅಲ್ಲೇ ಸೀದು ಇದ್ದಿಲಾಗುತ್ತದೆ. ಬಾಗಿಲು ತೆರೆದಿಟ್ಟು, ಹೊರಗೆ ನಿಂತು, ಬಗ್ಗಿ ಮುಳ್ಳನ್ನೇ ನೋಡುತ್ತಿದ್ದೆ. 112. 110. ಹೊಟ್ಟೆ ತುಂಬಿದ ಎಮ್ಮೆ ನೀರಿಗಿಳಿಯುವ ವೇಗ.

ಚಹಾ ತಂದವರು ಕೇಳಿದರು, "ಗಾಡಿ ಆಫ್ ಮಾಡೋದು ಮರೆತ್ರಾ?"

"ಇಲ್ಲ, ಇಳೀಲಿ ಅಂತ ಕಾಯ್ತಾ ಇದೀನಿ."

ಅವರು ಲೋಟ ನನ್ನ ಕೈಗಿತ್ತು, ಬಗ್ಗಿ ಹಿಂದಿನ ಸೀಟಿನತ್ತ ಇಣುಕಿದರು. ಅಲ್ಲಿ ಯಾರೂ ಇರಲಿಲ್ಲ.

"ಯಾರು ಸಾರ್?" ಎಂದರು.