ಏರಿ, ತೂಬು, ಕೋಡಿ ನೋಡಿ ಡೇರೆ ಹಾಕಿ

ಶಿಕಾರಿಪುರ, ಸೊರಬದ ಸೀಮೆಯಲ್ಲಿ ನೀರಿನ ದಂಡೆಯ ಮೇಲೆ ಒಂದು ರಾತ್ರಿ ಕಳೆಯಬೇಕೆಂದು ಹೊರಡುವ ಸಂಸಾರಕ್ಕೆ ಕೆರೆಗಳ ಬರವಿಲ್ಲ. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬದಲ್ಲಿ ಕುಬ್ಜ ಕವಿಯ ಸಂಸ್ಕೃತ ಶಾಸನವಿದೆ. ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ ಹೆಸರು ಬಂದದ್ದು ಮಯೂರಶರ್ಮನ ಕಥೆಯಿಂದ. ಆದರೆ ಅದು ಹುಟ್ಟಿದ್ದೇ ಕದಂಬರ ಕಾಕುಸ್ಥವರ್ಮ ಆ ದೇವಾಲಯದ ಬಳಿ ತೋಡಿಸಿದ ಕೆರೆಯ ನೆನಪಿಗಾಗಿ. 5ನೇ ಶತಮಾನದಲ್ಲೇ ಅರಸರು ಕಲ್ಲಿನಲ್ಲಿ ಕೊರೆಸಿ ಹೇಳಿಕೊಂಡ ಹೆಮ್ಮೆ ಕೆರೆ ಕಟ್ಟಿಸಿದ್ದು.

ಇವು ವಿಹಾರಕ್ಕೆಂದು ಆದ ಸರೋವರಗಳಲ್ಲ, ಗದ್ದೆಗೆ ನೀರುಣಿಸುವ ಕೆರೆಗಳು. ಇಲ್ಲಿ ಒಂದೊಂದು ಮೊಳ ಜಾಗಕ್ಕೂ ಒಂದು ಕೆಲಸವಿದೆ. ಹಾಗಾಗಿ ಬಿಡಾರಕ್ಕೆ ಜಾಗ ಹುಡುಕುವವರು ಸೂರ್ಯಾಸ್ತ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ನೋಡುವ ಮೊದಲು, ರೈತ ನೋಡುವ ಹಾಗೆ ಕೆರೆಯನ್ನು ನೋಡಬೇಕು.

ಏರಿ ಎಲ್ಲರನ್ನೂ ಮೊದಲು ಸೆಳೆಯುತ್ತದೆ. ಎತ್ತರ, ಗಾಳಿ, ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು. ಸಂಜೆ ನಡೆದಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು, ಮಲಗಲು ಮಾತ್ರ ಬೇಡ. ಏರಿಯ ಒಳಮೈಯ ಕಲ್ಲುಕಟ್ಟಣೆಯ ಸಂದುಗಳಲ್ಲಿ, ಪೊದೆಗಳಲ್ಲಿ ಹಾವು ಇರುತ್ತವೆ. ಭಾರದ ಗಾಡಿ ಹತ್ತಿಸಿದರೆ ಚಕ್ರದ ಜಾಡು ಬೀಳುತ್ತದೆ, ಮುಂದಿನ ಮಳೆಗೆ ಆ ಜಾಡಿನಲ್ಲೇ ನೀರು ಹರಿದು ಮಣ್ಣು ಕೊರೆಯುತ್ತದೆ. ಒಂದು ರಾತ್ರಿಯ ಮೋಜಿಗೆ ಇಡೀ ಅಚ್ಚುಕಟ್ಟಿನ ನೀರನ್ನು ಅಪಾಯಕ್ಕೊಡ್ಡುವ ಹಕ್ಕು ಯಾರಿಗೂ ಇಲ್ಲ. ಏರಿಯ ಕೆಳಗೆ ಇಳಿದರೆ ಜೌಗು ನೆಲ, ಸೊಳ್ಳೆ. ತೂಬಿನ ಹತ್ತಿರ ಆಳ ಹೆಚ್ಚು, ತೂಬು ತೆಗೆದಿದ್ದಾಗ ನೀರಿನ ಸೆಳೆತವೂ ಇರುತ್ತದೆ. ಮಕ್ಕಳನ್ನು ಅತ್ತ ಬಿಡಲೇಬಾರದು. ಕೋಡಿಯ ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಮೇಲಿನ ಹಳ್ಳಿಗಳಲ್ಲಿ ರಾತ್ರಿ ಬಿದ್ದ ಮಳೆ ಬೆಳಗಾಗುವುದರೊಳಗೆ ಇಲ್ಲಿಗೆ ಇಳಿದು ಬರಬಹುದು. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯಕ್ಕೆ ಮಳೆಗಾಲದಲ್ಲಿ ಜನ ಮುಗಿಬೀಳುವುದು ಈ ಕೋಡಿಯ ನೀರನ್ನು ನೋಡಲೆಂದೇ. ದೂರದಿಂದ ಕಣ್ತುಂಬ ನೋಡಿ ಹಿಂದಿರುಗಬೇಕು.

ಎಲ್ಲಕ್ಕಿಂತ ಮೋಸದ ಜಾಗ ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ. ಮೇಲೆ ಬಿರುಕುಬಿಟ್ಟು ಗಟ್ಟಿಯಾಗಿ ಕಾಣುವ ಹೂಳು ಒಳಗೆ ಹಸಿಯಾಗಿಯೇ ಇರುತ್ತದೆ. ಟೆಂಪೊ ಟ್ರಾವೆಲರ್ ಇಳಿಸಿದರೆ ಎಳೆಯಲು ಟ್ರ್ಯಾಕ್ಟರನ್ನೇ ಕರೆಯಬೇಕಾದೀತು.

ಹಾಗಾದರೆ ಎಲ್ಲಿ? ಏರಿಯ ಎರಡು ತುದಿಗಳಲ್ಲಿ, ಅದು ಸಹಜವಾದ ದಿಣ್ಣೆಗೆ ಸೇರಿಕೊಳ್ಳುವ ಕಡೆ. ಅಲ್ಲಿ ಸಾಮಾನ್ಯವಾಗಿ ಜಂಬಿಟ್ಟಿಗೆಯ ಗರಸು ನೆಲ. ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಗೂಟ ಗಟ್ಟಿಯಾಗಿ ಕೂರುತ್ತದೆ, ಚಕ್ರ ಹೂತುಹೋಗುವುದಿಲ್ಲ. ಅನೇಕ ಕಡೆ ಅಲ್ಲೊಂದು ಗುಡಿ, ಒಂದು ಆಲವೋ ಅರಳಿಯೋ ಇರುತ್ತದೆ. ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದ ಸಂಸಾರಗಳು ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನಕ್ಕಿಡುತ್ತಿದ್ದದ್ದು ಇಂಥ ಕಡೆಯೇ. ಗುಡಿಯ ಬಳಿ ಇಳಿಯುವುದಾದರೆ ಊರಿನ ಹಿರಿಯರನ್ನು ಕೇಳಿಯೇ ಇಳಿಯಬೇಕು. ಚೌಡಿಬನವಾದರೆ ನಾಯಿಯನ್ನೂ ಮಾಂಸದಡುಗೆಯನ್ನೂ ಕುರಿತು ಮೊದಲೇ ಕೇಳಿಬಿಡುವುದು ಮರ್ಯಾದೆ.

ಕೇಳುವುದಾದರೂ ಯಾರನ್ನು? 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಗೆ. ಯಾವುದೇ ಆಗಲಿ, ಗ್ರಾಮ ಪಂಚಾಯಿತಿಯ ಬಾಗಿಲು ತಟ್ಟಿದರೆ ದಾರಿ ಗೊತ್ತಾಗುತ್ತದೆ. ಗಾಳ ಹಾಕುವ ಆಸೆಯಿದ್ದರೆ ಅದನ್ನೂ ಅಲ್ಲೇ ಕೇಳಬೇಕು. ಕೆರೆಯ ಮೀನನ್ನು ಯಾರಾದರೂ ಗುತ್ತಿಗೆಗೆ ಹಿಡಿದಿರಬಹುದು.

ಗುಡವಿಯ ಮಾತೇ ಬೇರೆ. ಸೊರಬದಿಂದ ಸುಮಾರು 16 ಕಿ.ಮೀ. ದೂರದ ಈ ಕೆರೆ 1989ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು. ವಿಸ್ತೀರ್ಣ ಮುಕ್ಕಾಲು ಚದರ ಕಿ.ಮೀ.ಗೂ ಕಡಿಮೆ. ನೀರಿನಲ್ಲೇ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಜೂನ್‌ನಲ್ಲಿ ಶುರುವಾಗುವ ಈ ಸಂಭ್ರಮ ನವೆಂಬರ್‌ವರೆಗೂ ನಡೆಯುತ್ತದೆ. ಪಕ್ಷಿಧಾಮದೊಳಗೆ ಡೇರೆ, ಬೆಂಕಿ, ನಾಯಿ ಮೂರೂ ಸಲ್ಲವು. ಕಟ್ಟಿಹಾಕಿದ ನಾಯಿಯ ಒಂದು ಬೊಗಳಿಕೆಗೇ ಗೂಡಿನ ಹಕ್ಕಿ ಮೇಲೇಳುತ್ತದೆ, ಮೊಟ್ಟೆ ಮರಿ ಕಾಗೆಯ ಪಾಲಾಗುತ್ತವೆ. ಬಿಡಾರವನ್ನು ದೂರದಲ್ಲಿ ಹೂಡಿ, ನಾಯಿಯ ಜೊತೆ ಒಬ್ಬರು ಉಳಿದು, ಮಿಕ್ಕವರು ಬೆಳಿಗ್ಗೆ ಹೋಗಿ ಬರುವುದೇ ಸರಿ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಈ ಎರಡು ತಾಲ್ಲೂಕುಗಳಲ್ಲಿಲ್ಲ.

ನಾಯಿ ಕರೆತರುವವರು ಇನ್ನೊಂದು ಸಂಗತಿಯನ್ನು ತಿಳಿದಿರಲೇಬೇಕು. ಮಂಗನ ಕಾಯಿಲೆ ಜಗತ್ತಿಗೆ ಮೊದಲು ಗೊತ್ತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರಿಗೂ ಜ್ವರ ಬಂದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಪತ್ತೆಮಾಡಿದರು. ಹರಡುವುದು ಉಣುಗಿನಿಂದ. ಬೆಳೆದ ಉಣುಗು ದನಗಳ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ನಿಂತು ತರಗೆಲೆ ಒಣಗಿದ ಮೇಲೆ ಎಳೆಯ ಉಣುಗುಗಳು ಹೆಚ್ಚುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಕಾಡಂಚಿನ ಕೆರೆಯ ಬಳಿ ದನ ಓಡಾಡುವ ದಾರಿ, ತರಗೆಲೆ ಹಾಸಿದ ನೆರಳು ನೋಡಲು ಎಷ್ಟೇ ಚೆಂದವಿದ್ದರೂ ಆ ತಿಂಗಳುಗಳಲ್ಲಿ ಅಲ್ಲಿ ಚಾಪೆ ಹಾಸಬಾರದು. ಪೊದೆಯಲ್ಲಿ ನುಗ್ಗಿ ಬಂದ ನಾಯಿ ಮೈತುಂಬ ಉಣುಗು ಹೊತ್ತು ಡೇರೆಯೊಳಗೆ ಬರುತ್ತದೆ, ಮಗುವಿನ ಪಕ್ಕ ಮಲಗುತ್ತದೆ. ಹೊರಡುವ ಮೊದಲೇ ಪಶುವೈದ್ಯರಿಂದ ಅದಕ್ಕೆ ಉಣುಗಿನ ಔಷಧಿ ಹಾಕಿಸಬೇಕು, ಹಗ್ಗ ಬಿಚ್ಚಬಾರದು, ಸಂಜೆ ಕಿವಿ, ಕಾಲ್ಬೆರಳ ಸಂದು ನೋಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಬೇಕು. ಮನೆಗೆ ಮರಳಿದ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಸೊರಬಕ್ಕೆ ಹೋಗಿದ್ದನ್ನು ತಿಳಿಸಬೇಕು. ರಾತ್ರಿ ನಾಯಿಯನ್ನು ಹೊರಗೆ ಕಟ್ಟುವುದೂ ಬೇಡ, ಚಿರತೆಗೆ ಅದು ಸುಲಭದ ತುತ್ತು.

ಮನೆಯನ್ನೇ ಹೊತ್ತ ಕ್ಯಾರವಾನ್‌ಗಳ ಬಗ್ಗೆ ಈಗ ಮಾತು ಹೆಚ್ಚಾಗಿದೆ. ಕೇರಳ 2021ರಲ್ಲಿ ಅದಕ್ಕೆಂದೇ ನೀತಿ ಪ್ರಕಟಿಸಿತು. ಇಲ್ಲಿ ಬರುವ ವಾಹನ ನೀರು, ವಿದ್ಯುತ್ತು, ಕೊಳಚೆಯ ತೊಟ್ಟಿ ಎಲ್ಲವನ್ನೂ ತನ್ನಲ್ಲೇ ಇಟ್ಟುಕೊಂಡು ಬರುವುದು ಕ್ಷೇಮ. ಪಾತ್ರೆ ತೊಳೆದ ನೀರನ್ನಾಗಲಿ ತೊಟ್ಟಿಯದನ್ನಾಗಲಿ ಕೆರೆಯ ಕಡೆ ಬಿಡುವುದು ಅಕ್ಷಮ್ಯ. ಕುಡಿಯುವ ನೀರು, ದಿನಸಿ, ಡೀಸೆಲ್ಲಿಗೆ ಎರಡೂ ತಾಲ್ಲೂಕು ಕೇಂದ್ರಗಳ ನಡುವಿನ ಶಿರಾಳಕೊಪ್ಪ ಅನುಕೂಲ. ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಶಾಸನ ಎರಡಕ್ಕೂ ಅಲ್ಲಿಂದ ದಾರಿ ಹತ್ತಿರ.

ಸೊರಬದ ಕಡೆಗೆ ಹೋಗುವುದಾದರೆ ದೀಪಾವಳಿಯ ಆಸುಪಾಸಿನ ದಿನಗಳೇ ಮೇಲು. ಮಳೆ ಹಿಂದೆ ಸರಿದಿರುತ್ತದೆ, ಗುಡವಿಯಲ್ಲಿ ಹಕ್ಕಿ ಇರುತ್ತವೆ, ಉಣುಗಿನ ಕಾಟ ಇನ್ನೂ ಏರಿರುವುದಿಲ್ಲ. ಫೆಬ್ರವರಿಯಲ್ಲೇ ರಜೆ ಸಿಗುವವರು ಕಾಡಿನಿಂದ ದೂರದ ಶಿಕಾರಿಪುರದ ಬಯಲು ಭಾಗವನ್ನು ಆರಿಸಿಕೊಳ್ಳಲಿ. ಅಷ್ಟರಲ್ಲಿ ಮೆಕ್ಕೆಜೋಳ, ಭತ್ತ ಮನೆ ಸೇರಿ ಕಣಗಳು ಖಾಲಿಯಾಗಿರುತ್ತವೆ. ಸಾರಿಸಿ ಗಟ್ಟಿಯಾದ ಸಮನೆಲ, ಸುತ್ತ ಪೊದೆಯಿಲ್ಲ, ಗಾಡಿ ಬರುವ ದಾರಿ ಇದ್ದೇ ಇರುತ್ತದೆ. ಕೆರೆಯ ಸಮೀಪದ ಅಂಥ ಕಣ ಕಂಡರೆ, ಹೊತ್ತು ಮುಳುಗುವ ಮೊದಲೇ ಯಜಮಾನರ ಮನೆಗೆ ಹೋಗಿ ಕೇಳಬೇಕು. ಒಲೆಯನ್ನು ಮಾತ್ರ ಹುಲ್ಲಿನ ಬಣವೆಯಿಂದ ಬಹಳ ದೂರ ಹೂಡಬೇಕು.